ಬಾಕಿ ಒಂದು

ಪಂಪಿನ ವಾಲ್ವು, ಟ್ರ್ಯಾಕ್ಟರಿನ ಬುಷ್ಷು ಎರಕ ಹೊಯ್ಯುವ
ನಮ್ಮ ಉದ್ಯಮಬಾಗಿನ ಶೆಡ್ಡಿಗೆ
ಗೋವೆಯ ಹೋಟೆಲಿನಿಂದ ಆರ್ಡರು ಬಂತು:
ಕಂಚಿನ ಬೆಕ್ಕು, ಗೇಣುದ್ದ, ನಲವತ್ತು ನಗ.
ಜೊತೆಗೊಂದು ಫೋಟೊ. ನೈಲ್ ನದಿಯ ದೇಶದ್ದು,
ಎರಡೂವರೆ ಸಾವಿರ ವರ್ಷ ಹಳೆಯದು,
ಬಾಲ ಮುಂದಕ್ಕೆ ಸುತ್ತಿ, ಬೆನ್ನು ನೆಟ್ಟಗೆ,
ಕಿವಿಯಲ್ಲಿ ಓಲೆಯ ತೂತು.

ನನ್ನ ಕೆಲಸ ತಪ್ಪು ಹುಡುಕುವುದು.
ಕೆಂಪು ಸೀಮೆಸುಣ್ಣ, ಕ್ಯಾಲಿಪರು, ಒಂದು ರಿಜಿಸ್ಟರು.
ಹದಿನಾಲ್ಕು ವರ್ಷದಿಂದ ಇದೇ; ಮದುವೆಮನೆಯಲ್ಲೂ
ತಾಟಿನ ಅಂಚಿಗೆ ಬೆರಳಾಡಿಸಿ ನೋಡುತ್ತೇನೆ.
ಫೋಟೊವನ್ನೂ ಹಾಗೇ ನೋಡಿದೆ:
ಎಡಗಾಲ ಹತ್ತಿರ ಗಾಳಿಗುಳ್ಳೆ,
ಹೊಟ್ಟೆಯ ಮಗ್ಗುಲಲ್ಲಿ ಚೌಕದ ತೇಪೆ,
ಪಾದದಡಿ ಮೊಳೆಯಂತೆ ಉಳಿದ ತುಂಡು.
ರಿಜೆಕ್ಟ್, ಅಂದೆ.

ಮೌನೇಶ ಪತ್ತಾರ ಕನ್ನಡಕ ಹಣೆಗೇರಿಸಿದ.
"ಚೌಗುಲೆ ಮೇಡಂ, ಅದು ತುಂಡಲ್ಲರೀ, ರಸ ಇಳದ ದಾರಿ.
ಕಾಲು ಮ್ಯಾಲ, ತಲಿ ಕೆಳಗ ಮಾಡಿ ಹೊಯ್ದಾರ.
ಆಮ್ಯಾಲ ಕೊಯ್ದು ಒಗದಿಲ್ಲ, ಅದನ್ನ ಪೀಠಕ್ಕ ನೆಟ್ಟಾರ.
ದೇವರಾದ್ರೇನು, ತಲಿ ಮುಂದ ಮಾಡೇ ಹುಟ್ಟಬೇಕ ನೋಡ್ರಿ."

ಫೋಟೊದ ಹಿಂದೆ ಸಣ್ಣಕ್ಷರದಲ್ಲಿತ್ತು:
ಹರಕೆ ಹೊತ್ತವರು ಇಂಥವನ್ನು ಕೊಂಡು ಒಪ್ಪಿಸುತ್ತಿದ್ದರು.
ಗುಡಿ ತುಂಬಿ ಕಾಲಿಡಲು ಜಾಗವಿಲ್ಲದಾದಾಗ
ಪೂಜಾರಿಗಳು ಗುಂಡಿ ತೋಡಿ ಹೂಳುತ್ತಿದ್ದರು.
ಕರಗಿಸುವ ಹಾಗಿಲ್ಲ. ಕೊಟ್ಟದ್ದು ಕೊಟ್ಟದ್ದೇ.
ನಮ್ಮಲ್ಲಿ ನಾನು ಗೀಟು ಎಳೆದದ್ದು
ಸಂಜೆಗೆ ಮತ್ತೆ ಮೂಸೆಗೆ.

ಇಂದುಬಾಯಿ ಅಚ್ಚಿಗೆ ಮೇಣ ಒತ್ತಿ ತೆಗೆದು
ಒಂದೊಂದನ್ನೂ ಅಂಗೈಯಲ್ಲಿ ಕೂರಿಸಿ
ಹೇರ್‌ಪಿನ್ನಿನಿಂದ ಮೀಸೆ ಕೊರೆದಳು.
ಡ್ರಾಯಿಂಗಿನಲ್ಲಿ ಮೀಸೆ ಇರಲಿಲ್ಲ.
"ಮೀಸಿ ಇಲ್ಲದ್ದು ಎಂಥಾ ಬೆಕ್ಕರೀ?"
ನಾನು ಬೇರೆ ಕಡೆ ನೋಡಿದೆ.
ಮೇಣಕ್ಕೆ ಮರಳಿನ ಕವಚ, ಕವಚಕ್ಕೆ ಕಾವು,
ಹನಿಹನಿ ಇಳಿದು ಹೋಯಿತು ಅವಳು ತಿದ್ದಿದ್ದೆಲ್ಲ.
ಉಳಿದದ್ದು ಬೆಕ್ಕಿನಷ್ಟೇ ಅಳತೆಯ ಬರಿದು,
ಮೀಸೆಯ ಗೀರು ಸಮೇತ.
ಅದರೊಳಕ್ಕೆ ಮೌನೇಶ, ಉಸಿರು ಬಿಗಿಹಿಡಿದು,
ಕಿತ್ತಳೆ ಬಣ್ಣದ ಕಂಚು ಸುರಿದ.

ಇಪ್ಪತ್ತಾರನೆಯದು ನನ್ನ ಮೇಜಿಗೆ ಬಂದಾಗ
ಕಿವಿಯ ಹಿಂದೆ ಹೆಬ್ಬೆಟ್ಟಿನ ಗುರುತು. ಇಂದುಬಾಯಿಯದು.
ಸುಳಿ ಸುಳಿಯಾಗಿ, ಅಡ್ಡಕ್ಕೊಂದು ಹಳೆಯ ಸುಟ್ಟ ಗೆರೆ.
ಮೇಣ ಹೋಗಿ ವಾರವಾಗಿತ್ತು,
ಮುಟ್ಟಿದ್ದು ಹೋಗಿರಲಿಲ್ಲ.
ಸೀಮೆಸುಣ್ಣ ಕೈಯಲ್ಲಿತ್ತು.
ಪಾಸ್, ಅಂತ ಬರೆದೆ.

ಹೋಟೆಲಿನವರಿಗೆ ಹೊಸದು ಹೊಸದಾಗಿ ಕಾಣಬಾರದು,
ಹಸಿರು ಬರಬೇಕು, ಮುದಿ ಹಸಿರು.
ಹಿಂದಿನ ಗೋಡೆಯ ಪಕ್ಕ ಗುಂಡಿ ತೋಡಿಸಿ
ಉಪ್ಪು, ಹುಣಸೆಹುಳಿ, ಕೆಂಪು ಮಣ್ಣು ಕಲಸಿ
ನಲವತ್ತನ್ನೂ ಸಾಲಾಗಿ ಮಲಗಿಸಿದೆವು.
ಎರಡು ತಿಂಗಳು ಅದರ ಮೇಲೇ ನಿಂತು ಚಹಾ ಕುಡಿದೆವು.

ತೆಗೆದಾಗ ಮೂವತ್ತೊಂಬತ್ತು.

ಹಾರೆ, ಸಲಿಕೆ, ಆಮೇಲೆ ಬರಿಗೈ.
ರಿಜಿಸ್ಟರಿನಲ್ಲಿ ಕಾಲಂ ಇದ್ದವು: ಗುಳ್ಳೆ, ಬಿರುಕು, ಅಳತೆ ಹೆಚ್ಚುಕಡಿಮೆ.
ಮಣ್ಣು ಇಟ್ಟುಕೊಂಡಿತು ಎಂಬುದಕ್ಕೆ ಕಾಲಂ ಇರಲಿಲ್ಲ.
ಮೌನೇಶ ಗುಂಡಿಯ ದಂಡೆಗೆ ಕುಕ್ಕರಗಾಲಲ್ಲಿ ಕೂತು ನಕ್ಕ:
"ಇನ್ನ ಎರಡ ಸಾವಿರ ವರ್ಷಕ್ಕ ಯಾವನೋ ಅಗದು
ಬೆಳಗಾವಿ ಮಂದಿ ಬೆಕ್ಕಿಗೆ ಹರಕಿ ಹೊರತಿದ್ರು
ಅಂತ ಬರಿತಾನ್ರೀ."
ಬರೆದುಕೊಳ್ಳಲಿ. ಪೂರ್ತಿ ಸುಳ್ಳೂ ಆಗಲಿಕ್ಕಿಲ್ಲ.

ಸಿಕ್ಕವನ್ನು ಒಂದೊಂದಾಗಿ ಒರೆಸಿ
ಕಿವಿಯ ಹಿಂದೆ ಬೆರಳಾಡಿಸಿ ನೋಡಿದೆ.
ಮೂವತ್ತೊಂಬತ್ತರಲ್ಲಿ ಯಾವುದಕ್ಕೂ ಹೆಬ್ಬೆಟ್ಟಿಲ್ಲ.

ಇಂದುಬಾಯಿ ಅವತ್ತು ಅರ್ಧ ದಿನ ರಜೆ ಹಾಕಿದ್ದಳು.
ಡಬ್ಬಿಯ ಚೀಲ ತಡಕುವುದು ಗೇಟಿನವನ ಕೆಲಸ,
ನನ್ನದಲ್ಲ.